ಆಫರ್ ಲೆಟರ್‌ನಲ್ಲಿ ‘ನೌಕರ’ ಅನ್ನೋ ಪದ ಇದೆಯಾ ನೋಡಿ

ಮನೆಯಲ್ಲೇ ಕೂತು ಮಾಡೋ ಐಟಿ ಕೆಲಸ ಹುಡುಕುತ್ತಿರೋ ನಮ್ಮ ರಾಯಚೂರು ಕಡೆಯವರು ಇದನ್ನು ಒಮ್ಮೆ ಓದಿ. ಭರ್ರನೆ ಬೆಳೆಯುತ್ತಿದ್ದ ಅಂಥದ್ದೇ ಒಂದು ಕಂಪನಿಗೆ ನಾನು ಸುಮಾರು ಹನ್ನೊಂದು ತಿಂಗಳು ದುಡಿದೆ. ಕೊನೆಗೆ ಅಲ್ಲಿಂದ ನನಗೆ ದುಡ್ಡು ಬರಬೇಕು ಅಂತ ತೋರಿಸಲು ಕೈಯಲ್ಲಿ ಉಳಿದಿದ್ದು ಒಂದೇ ಕಾಗದ. ಅದೂ ಕಂಪನಿ ಕೊಟ್ಟಿದ್ದಲ್ಲ. ಹೆಸರು ಬರೆಯಲ್ಲ, ವಕೀಲರು ಬೇಡ ಅಂದಿದ್ದಾರೆ.

2023ರ ಆಗಸ್ಟ್. ಅಪ್ಪನ ಆರೋಗ್ಯ ಕೆಟ್ಟು ಬೆಂಗಳೂರಿನ ಕೆಲಸ ಬಿಟ್ಟು ಊರಿಗೆ ಬಂದಿದ್ದೆ. ಒಂದೇ ವಾರದಲ್ಲಿ ಮೂರು ವಿಡಿಯೋ ಕಾಲ್ ಮುಗಿದು ಕೆಲಸ ಸಿಕ್ಕಿತು. ಅಮೆರಿಕದ ಗ್ರಾಹಕರ ತಾಂತ್ರಿಕ ತೊಂದರೆಗಳನ್ನು ಬಿಡಿಸೋ ಸಪೋರ್ಟ್ ಎಂಜಿನಿಯರ್ ಕೆಲಸ. ಮೂಲ ಕಂಪನಿ ಅಮೆರಿಕದ್ದು, ಇಲ್ಲಿಯ ಲೆಕ್ಕಪತ್ರ ನೋಡೋದು ಗುರುಗ್ರಾಮದ ಒಂದು ಪ್ರೈವೇಟ್ ಲಿಮಿಟೆಡ್. ಆಫೀಸು ಎಲ್ಲೂ ಇಲ್ಲ. ತಿಂಗಳಿಗೆ 85,000. ಹತ್ತು ಪರ್ಸೆಂಟ್ ಟಿಡಿಎಸ್ (ಕೊಡೋ ಮುಂಚೆಯೇ ಹಿಡಿಯೋ ತೆರಿಗೆ) ಹೋಗಿ ಕೈಗೆ 76,500.

ಕಾಗದದ ಮೇಲೆ ‘ಇಂಡಿಪೆಂಡೆಂಟ್ ಕನ್ಸಲ್ಟೆಂಟ್ ಅಗ್ರಿಮೆಂಟ್’ ಅಂತ ಇತ್ತು. ಇದೇನು ಅಂತ ಕೇಳಿದೆ ಕೂಡ. “ಅದು ಬರೀ ಫಾರ್ಮಾಲಿಟಿ ಸರ್, ಎಲ್ಲರದ್ದೂ ಹೀಗೇ. ಆರು ತಿಂಗಳಾದ ಮೇಲೆ ಪೇರೋಲ್‌ಗೆ, ಅಂದ್ರೆ ನೌಕರರ ಸಂಬಳ ಪಟ್ಟಿಗೆ ತಗೋತೀವಿ” ಅಂದರು ಎಚ್‌ಆರ್. ಬಾಯಿಮಾತಲ್ಲಿ ಅಂದರು, ಬರೆದು ಕೊಡಲಿಲ್ಲ. ಪಿಎಫ್ ಹಿಡಿಯಲ್ಲ ಅಂದಾಗ ನನಗೆ ಖುಷಿಯೇ ಆಯಿತು. ಕೈಗೆ ಜಾಸ್ತಿ ಬರುತ್ತಲ್ವಾ! ಅಷ್ಟು ದಡ್ಡ ನಾನು.

ಮೊದಲ ಎರಡು ತಿಂಗಳು ಚೆನ್ನಾಗಿತ್ತು, ಸುಳ್ಳು ಹೇಳಲ್ಲ. ಕಲಿತದ್ದೂ ಬಹಳ. ವಾರ ವಾರ ಹೊಸಬರು ಸೇರುತ್ತಿದ್ದರು, ಚಾಟ್ ತುಂಬ ಚಪ್ಪಾಳೆ ಚಿತ್ರಗಳು. ಆಮೇಲೆ ಗೊತ್ತಾಯಿತು, ಬರೋರು ಬರುತ್ತಿದ್ದಷ್ಟೇ ಸುಮ್ನೆ ಹೋಗೋರೂ ಹೋಗುತ್ತಿದ್ದರು. ಅವರಿಗೆ ಚಪ್ಪಾಳೆ ಇಲ್ಲ. ನಿನ್ನೆ ಮಾತಾಡಿದವನ ಹೆಸರು ಇವತ್ತು ಬೂದು ಬಣ್ಣಕ್ಕೆ ತಿರುಗಿ, ಪಕ್ಕದಲ್ಲಿ ‘ನಿಷ್ಕ್ರಿಯ’ ಅಂತ ಬಂದಿರೋದು. ನನಗೇ ಹನ್ನೊಂದು ತಿಂಗಳಲ್ಲಿ ಮೂವರು ಮ್ಯಾನೇಜರ್‌ಗಳು. ಪ್ರತಿಯೊಬ್ಬರಿಗೂ ನಾನು ಏನು ಮಾಡ್ತೀನಿ ಅಂತ ಮೊದಲಿಂದ ಹೇಳಬೇಕು.

ದಿನದ ಮೀಟಿಂಗು ನ್ಯೂಯಾರ್ಕ್‌ನ ಮಧ್ಯಾಹ್ನ ಹನ್ನೆರಡಕ್ಕೆ, ನಮಗೆ ರಾತ್ರಿ ಒಂಬತ್ತೂವರೆ. ನವೆಂಬರ್ 5ಕ್ಕೆ ಅಮೆರಿಕದವರು ಗಡಿಯಾರ ಒಂದು ತಾಸು ಹಿಂದಕ್ಕೆ ತಿರುಗಿಸಿದರು, ನಮ್ಮದು ಹತ್ತೂವರೆಗೆ ಹೋಯಿತು. ಅದಾದ ಮೇಲೆ ನಿಜವಾದ ಕೆಲಸ, ಬೆಳಗಿನ ಜಾವದವರೆಗೆ. “ರಾತ್ರೆಲ್ಲಾ ಆ ಡಬ್ಬಿ ಮುಂದ ಕುಂತು ಯಾರ ಕೂಡ ಮಾತಾಡ್ತಿಯೋ?” ಅಂತ ಅವ್ವ ಕೇಳುತ್ತಿದ್ದಳು.

ಲ್ಯಾಪ್‌ಟಾಪ್‌ನಲ್ಲಿ ನಿಗಾ ಇಡೋ ಸಾಫ್ಟ್‌ವೇರ್ ಇತ್ತು. ಹತ್ತು ನಿಮಿಷಕ್ಕೊಮ್ಮೆ ಪರದೆಯ ಫೋಟೋ. ಕೀಬೋರ್ಡ್ ಮುಟ್ಟಿದರೆ ಪಟ್ಟಿ ಹಸಿರು, ಇಲ್ಲದಿದ್ದರೆ ಬೂದು. ಬೂದು ಜಾಸ್ತಿಯಾದ ತಿಂಗಳು ಇನ್‌ವಾಯ್ಸ್‌ನಲ್ಲಿ, ಅಂದರೆ ನನ್ನ ಬಿಲ್‌ನಲ್ಲಿ, ತಾಸು ಕಡಿತ. ಇನ್ನು ನಮ್ಮೂರ ಕರೆಂಟು ನಿಮಗೆ ಗೊತ್ತೇ ಇದೆ. ಶಕ್ತಿನಗರದ ವಿದ್ಯುತ್ ಸ್ಥಾವರದ ಎಂಟು ಘಟಕಗಳ ಸಾಮರ್ಥ್ಯ 1,720 ಮೆಗಾವ್ಯಾಟ್, ನಮ್ಮ ಓಣಿಯಲ್ಲಿ ಏಪ್ರಿಲ್ ರಾತ್ರಿ ಬೀಸಣಿಗೆ. ಮಾಳಿಗೆ ಮೇಲಿನ ತಗಡಿನ ಕೋಣೆಯಲ್ಲಿ ಬೆವರು ಒರೆಸಿಕೊಳ್ಳುತ್ತಾ ಮೊಬೈಲ್ ಹಾಟ್‌ಸ್ಪಾಟ್ ಹಾಕಿ ಆ ಪಟ್ಟಿಯನ್ನು ಹಸಿರು ಮಾಡಲು ಒದ್ದಾಡಿದ್ದು ಇನ್ನೂ ಕಣ್ಣ ಮುಂದಿದೆ.

ನಾನು ಯಾರು ಅಂತ ನನಗೆ ಸರಿಯಾಗಿ ಗೊತ್ತಾಗಿದ್ದು ಬ್ಯಾಂಕಿನಲ್ಲಿ. 2024ರ ಜೂನ್. ಮೇಲಿನ ಕೋಣೆಗೆ ಆರ್‌ಸಿಸಿ ಹಾಕಿಸಲು ಸಾಲ ಕೇಳೋಕೆ ಹೋಗಿದ್ದೆ. ಫಾರ್ಮ್ 16, ಅಂದರೆ ಸಂಬಳದಲ್ಲಿ ತೆರಿಗೆ ಹಿಡಿದದ್ದಕ್ಕೆ ಕಂಪನಿ ಕೊಡೋ ಪತ್ರ, ತರ್ರಿ ಅಂದಿದ್ದರು. ಕಂಪನಿ ಕಳಿಸಿದ್ದನ್ನೇ ಪ್ರಿಂಟ್ ತೆಗೆದು ಕೊಟ್ಟೆ. ಆಫೀಸರ್ ಕನ್ನಡಕ ಏರಿಸಿ ನೋಡಿ ವಾಪಸ್ ತಳ್ಳಿದರು. “ಇದು ಸಂಬಳದ್ದಲ್ಲರೀ, 16ಎ. ಸೆಕ್ಷನ್ 194ಜೆ ಅಂತ ಐತಿ ನೋಡ್ರಿ. ನೀವು ನೌಕರಿ ಮಾಡ್ತೀರೋ, ಬಿಸಿನೆಸ್ ಮಾಡ್ತೀರೋ?” ಆಗ ಸಂಬಳದ ತೆರಿಗೆ ಹಿಡಿಯುತ್ತಿದ್ದದ್ದು ಸೆಕ್ಷನ್ 192ರಲ್ಲಿ. ನನ್ನದನ್ನು ಹಿಡಿದದ್ದು ವೃತ್ತಿ ಫೀ ಅಂತ. ಬಿಸಿನೆಸ್ ಆದರೆ ಮೂರು ವರ್ಷದ ರಿಟರ್ನ್ಸ್ ತರಬೇಕಂತೆ. ಹೊರಗೆ ಬಂದು ಬಂಡಿ ಹತ್ತಿರ ಒಗ್ಗರಣಿ ಮಿರ್ಚಿ ತಗೊಂಡೆ, ತಿನ್ನೋಕಾಗಲಿಲ್ಲ.

ಅವತ್ತೇ ರಾತ್ರಿ ಪೇರೋಲ್ ಬಗ್ಗೆ ಕೇಳಿ ಬರೆದೆ. ಮಾತು ಕೊಟ್ಟ ಎಚ್‌ಆರ್ ಯಾವಾಗಲೋ ಬೂದು ಬಣ್ಣಕ್ಕೆ ತಿರುಗಿದ್ದರು. ಹೊಸಬರು “ಚೆಕ್ ಮಾಡ್ತೀವಿ” ಅಂದರು.

ಜುಲೈ 11. ಗ್ರಾಹಕರೊಬ್ಬರಿಗೆ ಉತ್ತರ ಬರೆಯುತ್ತಿದ್ದೆ. ಅರ್ಧ ವಾಕ್ಯ ಆಗಿತ್ತು, ಪರದೆ ಕಪ್ಪಾಯಿತು. ಕರೆಂಟ್ ಹೋಯಿತು ಅಂದುಕೊಂಡೆ. ತಲೆ ಎತ್ತಿ ನೋಡಿದರೆ ಫ್ಯಾನು ತಿರುಗುತ್ತಲೇ ಇತ್ತು.

ಹತ್ತು ನಿಮಿಷಕ್ಕೆ ನನ್ನ ಸ್ವಂತ ಮೇಲ್‌ಗೆ ನಾಲ್ಕು ಸಾಲು ಬಂತು. ಇವತ್ತಿಗೆ ಒಪ್ಪಂದ ಮುಗಿಯಿತು, ಲ್ಯಾಪ್‌ಟಾಪ್ ವಾಪಸ್ ಕಳಿಸಿ. ನಾನು ಬಿಡೋದಾದರೆ 30 ದಿನ ಮೊದಲು ಹೇಳಬೇಕು, ಅವರು ತೆಗೆಯೋದಾದರೆ ಏನೂ ಬೇಡ. ಸಹಿ ಹಾಕಿದ ಕಾಗದದಲ್ಲೇ ಇತ್ತು. ಒಂದು ವರ್ಷ ತುಂಬಿದರೆ ಇಸಾಪ್, ಅಂದರೆ ಕಂಪನಿ ತನ್ನವರಿಗೇ ಕೊಡೋ ಷೇರಿನ ಮೊದಲ ಕಂತು ಅಂದಿದ್ದರು, ಅದಕ್ಕೆ ಒಂದು ತಿಂಗಳು ಚಿಲ್ಲರೆ ಬಾಕಿ ಇತ್ತು. ಮಜಾ ಅಂದರೆ, ನಮ್ಮ ದೇಶದ ಕಂಪನಿ ಕಾಯ್ದೆಯ ನಿಯಮದ ಪ್ರಕಾರ ಇಸಾಪ್ ಇರೋದು ನೌಕರರಿಗೆ, ನಿರ್ದೇಶಕರಿಗೆ. ಕನ್ಸಲ್ಟೆಂಟ್‌ಗಲ್ಲ. ಇದನ್ನು ಆಮೇಲೆ ಪರಿಚಯದ ಸಿಎ ಒಬ್ಬರು ಹೇಳಿದರು.

ಬರಬೇಕಾದದ್ದು ಜೂನ್ ತಿಂಗಳ ಪೂರ್ತಿ ದುಡ್ಡು, ಜುಲೈನ 11 ದಿನದ್ದು. ಮೇಲ್ ಹಾಕಿದರೆ ಉತ್ತರ ಇಲ್ಲ. ಯಾರಿಗೆ ಫೋನ್ ಮಾಡೋದು? ಯಾರ ನಂಬರೂ ಇಲ್ಲ, ಎಲ್ಲ ಮಾತೂ ಚಾಟ್‌ನಲ್ಲೇ. ಹೋಗಿ ಬಾಗಿಲು ಬಡಿಯೋಣ ಅಂದರೆ ಬಾಗಿಲೇ ಇಲ್ಲ. ಇನ್‌ವಾಯ್ಸ್, ಒಪ್ಪಿಗೆ ಕೊಟ್ಟ ಮೇಲ್, “ಒಳ್ಳೆ ಕೆಲಸ” ಅಂತ ಮ್ಯಾನೇಜರ್ ಬರೆದದ್ದು, ಎಲ್ಲ ಅವರ ಖಾತೆಯೊಳಗೇ. ಇಲ್ಲಿಯ ವಕೀಲರು ಕೇಳಿಸಿಕೊಂಡು ಅಂದರು: “ಇಷ್ಟು ನಿಗಾ ಇಟ್ಟಾರಂದ್ರ ನೀವು ನೌಕರರೇ ಅಂತ ವಾದ ಮಾಡಬಹುದು. ಅದಕ್ಕ ಪುರಾವೆ ಎಲ್ಲೈತ್ರಿ?” ಪುರಾವೆ ಆ ಕಪ್ಪು ಪರದೆಯ ಹಿಂದಿತ್ತು. ಅದೂ ಅಲ್ಲದೆ ತಕರಾರು ಬಂದರೆ ಗುರುಗ್ರಾಮದಲ್ಲೇ ಮಧ್ಯಸ್ಥಿಕೆ ಅಂತ ಒಪ್ಪಂದದಲ್ಲಿತ್ತು. ಉದ್ಯಮ್ ನೋಂದಣಿ, ಅಂದರೆ ಸಣ್ಣ ಉದ್ಯಮ ಅಂತ ಸರ್ಕಾರದಲ್ಲಿ ಮಾಡಿಸೋ ನೋಂದಣಿ, ಇದೆಯಾ ಅಂತಲೂ ಕೇಳಿದರು. ಆಧಾರ್, ಪ್ಯಾನ್ ಇದ್ದರೆ ಪುಕ್ಕಟೆ ಮಾಡಿಸಬಹುದಂತೆ. ಮೊದಲೇ ಮಾಡಿಸಿದ್ದರೆ 2006ರ ಎಂಎಸ್‌ಎಂಇ ಕಾಯ್ದೆಯಡಿ 45 ದಿನದೊಳಗೆ ದುಡ್ಡು ಕೊಡಲೇಬೇಕು, ತಡವಾದರೆ ಬಡ್ಡಿ ಸಮೇತ. ನಾನು ಮಾಡಿಸಿರಲಿಲ್ಲ. “ಅಂದ್ರ ನೀವು ನೌಕರರೂ ಅಲ್ಲ, ವ್ಯಾಪಾರಸ್ಥರೂ ಅಲ್ಲ” ಅಂದರು.

ಆಗಸ್ಟ್ ಕೊನೆಗೆ ರಿಟರ್ನ್ಸ್ ಲೆಕ್ಕಕ್ಕೆ ಅಂತ ಸುಮ್ನೆ ಆದಾಯ ತೆರಿಗೆ ಪೋರ್ಟಲ್‌ನಲ್ಲಿ 26ಎಎಸ್ ತೆಗೆದೆ, ಅಂದರೆ ನನ್ನ ಹೆಸರಿಗೆ ಕಟ್ಟಿದ ತೆರಿಗೆಯ ಪಟ್ಟಿ. ಜೂನ್ ಹೆಸರಲ್ಲಿ 8,500 ರೂಪಾಯಿ ಟಿಡಿಎಸ್ ಕಟ್ಟಿದ್ದರು! ದುಡ್ಡು ಕೊಡದಿದ್ದರೂ ನನ್ನ 85,000 ಅವರ ಪುಸ್ತಕದಲ್ಲಿ ಜಮಾ ಆಗಿತ್ತು. ಹಾಗೆ ಪುಸ್ತಕದಲ್ಲಿ ಜಮಾ ಮಾಡಿದ ಕೂಡಲೇ ಟಿಡಿಎಸ್ ಹಿಡಿಯಬೇಕು ಅನ್ನೋದು ನಿಯಮ. ಅಂದರೆ ನನಗೆ ಕೊಡಬೇಕಿದೆ ಅಂತ ಸರ್ಕಾರಕ್ಕೆ ಅವರೇ ಹೇಳಿದ್ದರು. ಆ ಒಂದು ಪುಟವನ್ನು ಲಗತ್ತಿಸಿ ವಕೀಲರು ನೋಟಿಸ್ ಕಳಿಸಿದರು. ನವೆಂಬರ್‌ನಲ್ಲಿ 76,500 ಬಂತು. ಕ್ಷಮೆ ಇಲ್ಲ, ವಿವರ ಇಲ್ಲ.

ಎಲ್ಲ ಕಂಪನಿಯೂ ಹೀಗೆ ಅನ್ನಲ್ಲ. ಸಿಂಧನೂರಿನ ನನ್ನ ಗೆಳೆಯ ಇದೇ ಥರ ಮನೆಯಿಂದಲೇ ಮಾಡ್ತಾನೆ. ಪೇರೋಲ್ ಇದೆ, ತಿಂಗಳು ತಿಂಗಳು ಪಿಎಫ್ ಪಾಸ್‌ಬುಕ್‌ನಲ್ಲಿ ದುಡ್ಡು ಕಾಣುತ್ತೆ. ಅವನು ಸೇರೋ ಮುಂಚೆ ಎಂಸಿಎ (ಕೇಂದ್ರದ ಕಂಪನಿ ವ್ಯವಹಾರಗಳ ಸಚಿವಾಲಯ) ವೆಬ್‌ಸೈಟ್‌ನಲ್ಲಿ ಆ ಕಂಪನಿ ಯಾವಾಗ ನೋಂದಣಿ ಆಗಿದೆ, ಚಾಲ್ತಿಯಲ್ಲಿದೆಯಾ ಅಂತ ನೋಡಿದ್ದನಂತೆ. ಎರಡು ನಿಮಿಷದ ಕೆಲಸ, ನಾನು ಮಾಡಲಿಲ್ಲ. ಕನ್ಸಲ್ಟೆಂಟ್ ಆಗಿಯೇ ಸೇರೋದಾದರೆ ಸೇರಿ, ಬೇಡ ಅನ್ನಲ್ಲ. ಆದರೆ ಪಿಎಫ್, ರಜೆ, ಆಸ್ಪತ್ರೆ ವಿಮೆ ಎಲ್ಲ ನಿಮ್ಮ ಜೇಬಿನಿಂದ ಅಂತ ಲೆಕ್ಕ ಹಾಕಿ ಅದಕ್ಕೆ ತಕ್ಕ ರೇಟ್ ಕೇಳಿ. ಉದ್ಯಮ್ ಮೊದಲೇ ಮಾಡಿಸಿ. ಇನ್‌ವಾಯ್ಸನ್ನು ಸ್ವಂತ ಮೇಲ್‌ನಿಂದಲೇ ಕಳಿಸಿ. ಗ್ರಾಹಕರ ಮಾಹಿತಿ ಮುಟ್ಟಬೇಡಿ, ಅದು ಬೇರೆ ಕೇಸಾಗುತ್ತೆ. ನಿಮ್ಮ ಒಪ್ಪಂದ, ನಿಮ್ಮ ದುಡ್ಡಿನ ಕಾಗದ ಮಾತ್ರ ಆಯಾ ತಿಂಗಳೇ ಇಳಿಸಿಟ್ಟುಕೊಳ್ಳಿ. ಈಗಾಗಲೇ ಸೇರಿದ್ದರೆ ಇವತ್ತೇ ಆದಾಯ ತೆರಿಗೆ ಪೋರ್ಟಲ್‌ನಲ್ಲಿ ನಿಮ್ಮ ಟಿಡಿಎಸ್ ಪಟ್ಟಿ ತೆಗೆದು, ತೆರಿಗೆ ಹಿಡಿದದ್ದು ಸಂಬಳ ಅಂತಲೋ ವೃತ್ತಿ ಫೀ ಅಂತಲೋ ನೋಡಿ.

ಜುಲೈನ 11 ದಿನದ ದುಡ್ಡು ಇನ್ನೂ ಬಂದಿಲ್ಲ. ಲ್ಯಾಪ್‌ಟಾಪ್ ಕಳಿಸಿ ಅಂತ ಮೊನ್ನೆ ಇನ್ನೊಂದು ಮೇಲ್ ಬಂತು, ಇದು ಯಾರೋ ನಾಲ್ಕನೇ ಎಚ್‌ಆರ್. ಕೊರಿಯರ್‌ನವರನ್ನು ಕಳಿಸಿ, ಚಾರ್ಜ್ ನೀವೇ ಕೊಡಿ, ಹಾಗೇ ಆ 11 ದಿನದ್ದೂ ಅಂತ ಬರೆದಿದ್ದೀನಿ. ಸ್ವಂತ ಮೇಲ್‌ನಿಂದ.