ಬೆಳಗಾವಿಯ ಡೇ-ಕೇರ್ ವಾರ್ಡ್: ಅವಸರವಿಲ್ಲದ ಸಲೈನ್, ಬಿಡಿಸಿ ಹೇಳುವ ಜನ

ಗೋಕಾಕದಲ್ಲಿ ನನ್ನದು ಮೋಟಾರ್ ರಿವೈಂಡಿಂಗ್ ಅಂಗಡಿ. ನಮ್ಮ ಮನೆಯಾಕೆಗೆ ಮಲ್ಟಿಪಲ್ ಸ್ಕ್ಲೆರೋಸಿಸ್ ಎಂಬ ನರದ ಕಾಯಿಲೆ. ಆರು ತಿಂಗಳಿಗೊಮ್ಮೆ ರಿಟುಕ್ಸಿಮ್ಯಾಬ್ ಎಂಬ ಔಷಧ ಏರಿಸಿಕೊಳ್ಳಲು ಬೆಳಗಾವಿಯ ಈ ಡೇ-ಕೇರ್‌ಗೆ ಬರುತ್ತೇವೆ. ಈ ಏಪ್ರಿಲ್‌ನದು ನಾಲ್ಕನೇ ಸಲ.

ಮೊದಲ ಸಲ ಔಷಧದ ಚೀಟಿಯಲ್ಲಿ ಕ್ಯಾನ್ಸರ್ ಎಂಬ ಹೆಸರು ನೋಡಿ ಅವಳು ಅತ್ತುಬಿಟ್ಟಳು. ಸಿಸ್ಟರ್ ಪಕ್ಕದಲ್ಲೇ ಕೂತು, ಇದಕ್ಕೆ 1997ರಲ್ಲಿ ಅಮೆರಿಕದಲ್ಲಿ ಮೊದಲು ಅನುಮತಿ ಸಿಕ್ಕಿದ್ದು ಲಿಂಫೋಮಾ ಎಂಬ ಕ್ಯಾನ್ಸರ್‌ಗೆ, ಅದಕ್ಕೇ ಆ ಹೆಸರು ಎಂದು ಸಮಾಧಾನ ಹೇಳಿದರು. ಆಮೇಲೆ ನನ್ನ ಕಡೆ ತಿರುಗಿ, "ಅಣ್ಣಾರ, ತಂತಿ ಮ್ಯಾಲಿನ ಇನಾಮಲ್ ಸುಲದ್ರ ಏನಾಕ್ಕೈತ್ರಿ?" ಅಂದರು. "ಕಾಯಿಲ್ ಶಾರ್ಟ್ ಆಕ್ಕೈತ್ರಿ" ಅಂದೆ. ನರಕ್ಕೂ ಮಯಲಿನ್ ಎಂಬ ಹೊದಿಕೆ ಇದೆಯಂತೆ. ನಮ್ಮನ್ನು ಕಾಯಬೇಕಾದ ಟಿ ಕೋಶಗಳೇ ಮೆದುಳಿಗೆ ನುಗ್ಗಿ ಅದನ್ನು ಕೆಡಿಸುತ್ತವಂತೆ.

ಆದರೆ ಈ ಔಷಧ ಹೊಡೆಯುವುದು ಬಿ ಕೋಶ ಎಂಬ ಇನ್ನೊಂದು ಬಗೆಯ ಕಾವಲು ಕೋಶವನ್ನಂತೆ. ಅದು ಯಾಕೆ? ಇದನ್ನು ಡಾಕ್ಟರರನ್ನೇ ಕೇಳಿದೆ. ಅವರು ನಿಂತು ಹೇಳಿದರು: ಬಿ ಕೋಶ ಟಿ ಕೋಶಕ್ಕೆ "ಇದೇ ವೈರಿ" ಎಂದು ಗುರುತು ತೋರಿಸುತ್ತದೆ, ಸೈಟೊಕೈನ್ ಎಂಬ ಸಂದೇಶದ ರಾಸಾಯನಿಕಗಳನ್ನು ಬಿಟ್ಟು ಕೆರಳಿಸುತ್ತದೆ. ರಿಟುಕ್ಸಿಮ್ಯಾಬ್ ಬಿ ಕೋಶದ ಮೈಮೇಲಿನ ಸಿಡಿ20 ಎಂಬ ಪ್ರೋಟೀನ್ ಹಿಡಿದು ಅದನ್ನು ಸಾಯಿಸುತ್ತದೆ. ಆ್ಯಂಟಿಬಾಡಿ ಸುರಿಸುವ ಪ್ಲಾಸ್ಮಾ ಕೋಶಕ್ಕೆ ಸಿಡಿ20 ಇಲ್ಲ, ಅದು ಉಳಿಯುತ್ತದೆ, ಆ್ಯಂಟಿಬಾಡಿಯೂ ಬರುತ್ತಲೇ ಇರುತ್ತದೆ. ಆದರೂ ಈ ಕಾಯಿಲೆಯವರಿಗೆ ಇದೇ ಔಷಧ ಕೊಟ್ಟು ನಡೆಸಿ 2008ರಲ್ಲಿ ಪ್ರಕಟವಾದ ಪ್ರಯೋಗದಲ್ಲಿ, ಮೆದುಳಿನ ಎಂಆರ್‌ಐನಲ್ಲಿ ಕಾಣುವ ಕಾಯಿಲೆಯ ಮಚ್ಚೆಗಳು ಬಹಳ ಇಳಿದವು. ಹಾಗಾಗಿ ಕೋಶ ಕೋಶಗಳ ನಡುವಿನ ಆ ಚಾಡಿಮಾತು ನಿಂತದ್ದೇ ಮುಖ್ಯ ಎಂದು ತಜ್ಞರು ತಿಳಿಯುತ್ತಾರಂತೆ. ಆ ರಾತ್ರಿ ನನಗೆ ನೆಮ್ಮದಿಯ ನಿದ್ದೆ ಬಂತು.

ಕೆಲಸವೂ ಅಚ್ಚುಕಟ್ಟು. ಹೆಪಟೈಟಿಸ್ ಬಿ, ಟಿಬಿ ತಪಾಸಣೆಯ ವರದಿ ನೋಡದೆ ಸೂಜಿ ಚುಚ್ಚಲಿಲ್ಲ. ಮೊದಲು ಪ್ಯಾರಾಸಿಟಮಾಲ್, ಅಲರ್ಜಿ ಔಷಧ, ಸ್ಟೀರಾಯ್ಡ್. ಆಮೇಲೆ ನಿಧಾನದ ಹನಿ. ಮೊದಲ ಸಲ ಗಂಟಲು ತುರಿಸಿದಾಗ ತಕ್ಷಣ ನಿಲ್ಲಿಸಿ, ಅರ್ಧ ಗಂಟೆ ಕಾದು, ಇನ್ನೂ ನಿಧಾನವಾಗಿ ಬಿಟ್ಟರು. ಕರೆಂಟ್ ಹೋದರೂ ಎಸಿ ನಿಲ್ಲುವುದಿಲ್ಲ. ಸೆಕೆಗೆ ಅವಳ ಕಣ್ಣು ಮಂಜಾಗುವುದರಿಂದ ನಮಗೆ ಅದು ದೊಡ್ಡ ಉಪಕಾರ.

ಶೌಚಾಲಯದ ಬಾಗಿಲಲ್ಲಿ ಎತ್ತರದ ಮೆಟ್ಟಿಲಿದೆ, ಹಿಡಿದುಕೊಳ್ಳಲು ಏನೂ ಇಲ್ಲ. ಕಾಲು ಎಳೆದು ನಡೆಯುವವರು ಬರುವ ಜಾಗದಲ್ಲಿ ಇದು ಸಲ್ಲದು. ಹೋದ ಸಲವೂ ಹೇಳಿದ್ದೆ, ಈ ಸಲ ಬರೆದೇ ಕೊಟ್ಟು ಬಂದೆ. ಅಕ್ಟೋಬರ್‌ಗೆ ಮತ್ತೆ ಹೋಗುತ್ತೇವೆ, ಕಿಟಕಿ ಪಕ್ಕದ ಕಾಟ್ ಅವಳಿಗೇ ಇಡುತ್ತೇವೆ ಅಂದಿದ್ದಾರೆ.