ಡೆಬಿಯನ್ ಸ್ಟೇಬಲ್‌ನಲ್ಲಿ ಕೋಡಿಂಗ್: ಬುಕ್‌ವರ್ಮ್‌ನಿಂದ ಟ್ರಿಕ್ಸಿವರೆಗೆ

ನನ್ನ ಕೆಲಸ ಪೈಥಾನ್ ಬ್ಯಾಕೆಂಡ್, ಸ್ವಲ್ಪ ನೋಡ್ (ಜಾವಾಸ್ಕ್ರಿಪ್ಟ್ ಓಡಿಸುವ ಟೂಲ್), ಆಗಾಗ ರಸ್ಟ್ ಭಾಷೆ. 2023ರ ಜೂನ್‌ನಲ್ಲಿ ಡೆಬಿಯನ್ ಅನ್ನುವ ಲಿನಕ್ಸ್ ಡಿಸ್ಟ್ರೋದ (ಲಿನಕ್ಸ್‌ನ ಒಂದು ಸಿದ್ಧ ರೂಪ) ಸ್ಟೇಬಲ್ ಬಿಡುಗಡೆ 12, ಬುಕ್‌ವರ್ಮ್ ಬಂದಾಗ ಲ್ಯಾಪ್‌ಟಾಪ್‌ಗೆ ಹಾಕಿಕೊಂಡೆ. ಈಗ 13ರಲ್ಲಿ, ಅಂದರೆ ಟ್ರಿಕ್ಸಿಯಲ್ಲಿ ಇದ್ದೇನೆ. "ಡೆಬಿಯನ್‌ನಲ್ಲಿ ಎಲ್ಲಾ ಹಳೇದು, ಡೆವಲಪರ್‌ಗೆ ಆಗಲ್ಲ" ಅನ್ನುವವರು ಜಾಸ್ತಿ. ಹಳೇದು ಅನ್ನೋದು ನಿಜ. ಆಗಲ್ಲ ಅನ್ನೋದನ್ನು ಮಾತ್ರ ನಾನು ಒಪ್ಪಲ್ಲ.

ಬುಕ್‌ವರ್ಮ್ ಬಂದಿದ್ದು ಪೈಥಾನ್ 3.11, ನೋಡ್ 18, ಕರ್ನಲ್ (ಸಿಸ್ಟಂನ ತಿರುಳು) 6.1 ಜೊತೆ. ಮುಂದಿನ ಬಿಡುಗಡೆವರೆಗೂ ಹೆಚ್ಚುಕಡಿಮೆ ಅವೇ. ನಡುವೆ ಬರೋದು ಸೆಕ್ಯುರಿಟಿ ತಿದ್ದುಪಡಿ ಮತ್ತು ದೊಡ್ಡ ಬಗ್‌ಗಳ ರಿಪೇರಿ ಅಷ್ಟೇ. ಬೆಳಿಗ್ಗೆ ಅಪ್‌ಡೇಟ್ ಮಾಡಿ ಮಧ್ಯಾಹ್ನ ಡೆಮೊ ಕೊಡಬಹುದು, ಎದೆ ಹೊಡೆದುಕೊಳ್ಳಲ್ಲ. ಕಿರಿಕಿರಿ ಅನಿಸಿದ್ದು ನಿಯೋವಿಮ್ ಎಡಿಟರ್. ಬುಕ್‌ವರ್ಮ್‌ನಲ್ಲಿದ್ದದ್ದು 0.7, ಪ್ಲಗಿನ್‌ಗಳು ಕೇಳುತ್ತಿದ್ದದ್ದು ಅದಕ್ಕಿಂತ ಹೊಸದು. ಅದನ್ನು ಬೇರೆಯಾಗಿ ಇಳಿಸಿ ಹೋಮ್ ಫೋಲ್ಡರ್‌ನಲ್ಲಿ ಇಟ್ಟುಕೊಂಡೆ.

ನನ್ನ ಇಡೀ ಸೆಟಪ್ ನಿಂತಿರೋದೇ ಇದರ ಮೇಲೆ. ಸಿಸ್ಟಂ ಎಪಿಟಿಯ (ಡೆಬಿಯನ್‌ನ ಪ್ಯಾಕೇಜ್ ಹಾಕುವ ಟೂಲ್) ಕೈಯಲ್ಲಿ, ಭಾಷೆಗಳೆಲ್ಲ ಹೋಮ್ ಫೋಲ್ಡರ್‌ನಲ್ಲಿ. ಪೈಥಾನ್‌ಗೆ ಯುವಿ, ರಸ್ಟ್‌ಗೆ ರಸ್ಟಪ್, ಎರಡೂ ಆ ಭಾಷೆಗಳನ್ನು ಇಳಿಸಿ ನೋಡಿಕೊಳ್ಳುವ ಟೂಲ್‌ಗಳು. ಡೇಟಾಬೇಸ್ ಪಾಡ್‌ಮ್ಯಾನ್ ಕಂಟೇನರ್ (ಪ್ರತ್ಯೇಕ ಡಬ್ಬಿಯಂಥ ಜಾಗ) ಒಳಗೆ. ಒಂದು ಪ್ರಾಜೆಕ್ಟ್‌ಗೆ ಹಳೇ ಪೋಸ್ಟ್‌ಗ್ರೆಸ್, ಇನ್ನೊಂದಕ್ಕೆ ಹೊಸದು ಬೇಕಾದರೆ ಎರಡೂ ಅಕ್ಕಪಕ್ಕ ಓಡುತ್ತವೆ, ರೂಟ್ (ಅಡ್ಮಿನ್) ಅನುಮತಿಯೂ ಬೇಡ. ಯಾವುದೋ ಟೂಲ್ ಫೆಡೋರಾ ಅನ್ನುವ ಇನ್ನೊಂದು ಡಿಸ್ಟ್ರೋದಲ್ಲಿ ಮಾತ್ರ ಹೊಸದಾಗಿದ್ದರೆ ಡಿಸ್ಟ್ರೋಬಾಕ್ಸ್‌ನಲ್ಲಿ (ಬೇರೆ ಡಿಸ್ಟ್ರೋವನ್ನು ಕಂಟೇನರ್ ಒಳಗೆ ಓಡಿಸುವ ಟೂಲ್) ಒಂದು ಫೆಡೋರಾ ತೆರೆದರಾಯಿತು. ಹೋಮ್ ಫೋಲ್ಡರ್ ಅಲ್ಲೂ ಅದೇ ಕಾಣುತ್ತದೆ.

ಹೊಸಬರು ಮೊದಲು ಎಡವೋದು ಪಿಪ್‌ನಲ್ಲಿ, ಅಂದರೆ ಪೈಥಾನ್ ಲೈಬ್ರರಿ ಹಾಕುವ ಟೂಲ್‌ನಲ್ಲಿ. ಸುಮ್ನೆ ಪಿಪ್ ಇನ್‌ಸ್ಟಾಲ್ ಅಂತ ಹೊಡೆದರೆ, ಈ ಪೈಥಾನ್ ಅನ್ನು ಬೇರೆಯವರು ನೋಡಿಕೊಳ್ಳುತ್ತಿದ್ದಾರೆ ಅಂತ ಎರರ್ ಬರುತ್ತದೆ. ಬೇಕೆಂದೇ ಹೀಗೆ ಮಾಡಿದ್ದಾರೆ. ಸಿಸ್ಟಂನ ಎಷ್ಟೋ ಪ್ರೋಗ್ರಾಂಗಳು ಅದೇ ಪೈಥಾನ್ ಮೇಲೆ ಓಡುತ್ತವೆ. ಪಿಪ್ ಹಾಕಿದ ಲೈಬ್ರರಿಯೂ ಎಪಿಟಿ ಹಾಕಿದ್ದೂ ಒಂದಕ್ಕೊಂದು ತಿಕ್ಕಾಡಿದರೆ ಅವೇ ಕೆಡುತ್ತವೆ. ಎರರ್ ದಾಟುವ ಫ್ಲ್ಯಾಗ್ ಹುಡುಕಬೇಡಿ, ವೆನ್ವ್ (ಪ್ರಾಜೆಕ್ಟ್‌ಗೆಂದೇ ಇರುವ ಪ್ರತ್ಯೇಕ ಪೈಥಾನ್ ಪರಿಸರ) ಮಾಡಿಕೊಳ್ಳಿ. ಅದಕ್ಕೂ ಪೈಥಾನ್3-ವೆನ್ವ್ ಅನ್ನುವ ಪ್ಯಾಕೇಜ್ ಬೇರೆ ಹಾಕಬೇಕು. ಇದು ಯಾಕೆ ಜೊತೆಗೇ ಬರಲ್ಲವೋ!

2025ರ ಆಗಸ್ಟ್‌ನಲ್ಲಿ ಟ್ರಿಕ್ಸಿ ಬಂತು. ಅಪ್‌ಗ್ರೇಡ್ ಸಲೀಸು, ಆದರೆ ಎರಡು ವಿಷಯ ಗೊತ್ತಿರಲಿ. ಸಿಸ್ಟಂ ಪೈಥಾನ್ 3.13ಕ್ಕೆ ಹಾರುತ್ತದೆ. ಮೊದಲಿದ್ದ ಸಿಸ್ಟಂ ಪೈಥಾನ್‌ನಿಂದ ಮಾಡಿದ ಹಳೇ ವೆನ್ವ್‌ಗಳಿಗೆ 3.11ರ ಲೈಬ್ರರಿಗಳು ಕಾಣುವುದಿಲ್ಲ, ಹೊಸದಾಗಿ ಕಟ್ಟಬೇಕು. ಯುವಿ ತಾನೇ ಇಳಿಸಿಕೊಂಡ ಪೈಥಾನ್‌ನಿಂದ ಮಾಡಿದವಕ್ಕೆ ಏನೂ ಆಗಲ್ಲ. ಎರಡನೆಯದು, ತಾತ್ಕಾಲಿಕ ಫೈಲ್‌ಗಳ ಟೆಂಪ್ ಫೋಲ್ಡರ್ ಈಗ ಡಿಸ್ಕ್ ಬದಲು ರ‍್ಯಾಮ್‌ನಲ್ಲಿ ಇರುತ್ತದೆ, ಅರ್ಧ ರ‍್ಯಾಮ್‌ವರೆಗೂ ತಿನ್ನಬಹುದು. 8 ಜಿಬಿ ಲ್ಯಾಪ್‌ಟಾಪ್‌ನಲ್ಲಿ ದೊಡ್ಡ ಬಿಲ್ಡ್ ಮಾಡುವವರು ಇದನ್ನು ಹಳೇ ರೀತಿಗೇ ಬದಲಾಯಿಸಿಕೊಳ್ಳೋದು ಒಳ್ಳೇದು.

ಕನ್ನಡದ ವಿಷಯಕ್ಕೆ ಬಂದರೆ, ಲೋಹಿತ್, ಗುಬ್ಬಿ, ನವಿಲು ಫಾಂಟ್‌ಗಳು ಎಪಿಟಿಯಲ್ಲೇ ಸಿಗುತ್ತವೆ. ಟೈಪ್ ಮಾಡಲು ಐಬಸ್ ಅನ್ನುವ ಟೂಲ್ ಜೊತೆ ಎಂ17ಎನ್ (ಬೇರೆ ಬೇರೆ ಭಾಷೆಗಳ ಕೀಲಿಮಣೆಗಳ ಪ್ಯಾಕೇಜ್) ಹಾಕಿದರೆ ಕೆಜಿಪಿ ಕೀಲಿಮಣೆ ಸಿದ್ಧ. ವಿಎಸ್ ಕೋಡ್‌ನಲ್ಲಿ ಕನ್ನಡ ಟೆಸ್ಟ್ ಡೇಟಾ ಸರಿಯಾಗಿ ಕಾಣುತ್ತದೆ. ಗ್ನೋಮ್ ಟರ್ಮಿನಲ್‌ನಲ್ಲಿ ಒತ್ತಕ್ಷರಗಳು ಚೆಲ್ಲಾಪಿಲ್ಲಿ. ಆದರೆ ಇದು ಡಿಸ್ಟ್ರೋ ತಪ್ಪಲ್ಲ, ಅಕ್ಷರಕ್ಕೊಂದು ಚೌಕ ಅಂತ ಲೆಕ್ಕ ಹಾಕುವ ಟರ್ಮಿನಲ್‌ಗಳ ಹಳೇ ರೋಗ. ಲಾಗ್‌ನಲ್ಲಿ ಕನ್ನಡ ಓದಬೇಕಾದರೆ ನಾನು ಫೈಲ್ ಅನ್ನೇ ಎಡಿಟರ್‌ನಲ್ಲಿ ತೆರೆಯುತ್ತೇನೆ.

ಲ್ಯಾಪ್‌ಟಾಪ್ ಮೊನ್ನೆ ಮೊನ್ನೆ ಮಾರುಕಟ್ಟೆಗೆ ಬಂದ ಮಾಡೆಲ್ ಆಗಿದ್ದರೆ ಡೆಬಿಯನ್ ಬೇಡ. ವೈಫೈ, ಗ್ರಾಫಿಕ್ಸ್‌ಗೆ ಹೊಸ ಕರ್ನಲ್ ಬೇಕಾಗುತ್ತದೆ. ಬ್ಯಾಕ್‌ಪೋರ್ಟ್ಸ್‌ನಿಂದ (ಸ್ಟೇಬಲ್‌ಗೆಂದು ಕಟ್ಟಿದ ಹೊಸ ಪ್ಯಾಕೇಜ್‌ಗಳ ಭಂಡಾರ) ತರಬಹುದು, ಆದರೆ ಇನ್‌ಸ್ಟಾಲ್ ಮಾಡುವಾಗಲೇ ವೈಫೈ ಸಿಗದಿದ್ದರೆ ತರೋದು ಹೇಗೆ, ಅಲ್ವಾ? ಅಂಥವರು ಫೆಡೋರಾ ಹಾಕಿ. ಆರು ತಿಂಗಳಿಗೊಂದು ಬಿಡುಗಡೆ, ಒಂದಕ್ಕೆ ಸುಮಾರು 13 ತಿಂಗಳ ಬೆಂಬಲ. ವರ್ಷಕ್ಕೊಮ್ಮೆಯಾದರೂ ಅಪ್‌ಗ್ರೇಡ್ ಮಾಡಲು ಬೇಜಾರಿಲ್ಲದಿದ್ದರೆ ಅದೂ ಚೆನ್ನಾಗಿದೆ. ನನಗೆ ಬೇಜಾರು.