ಲಿಂಕ್ಸ್ ಬ್ರೌಸರ್ ಬೇಕಾ, ಎನ್‌ವಿಡಿಎ ಜೊತೆ ಫೈರ್‌ಫಾಕ್ಸ್ ಸಾಕಾ?

ಕಣ್ಣು ಕಾಣದವರು ವೆಬ್ ನೋಡಲು ಯಾವುದನ್ನು ಕಲಿಯಬೇಕು ಅಂತ ಕೇಳಿದರೆ, ಮೊದಲು ನಿಮಗೆ ವೆಬ್‌ನಲ್ಲಿ ಏನು ಕೆಲಸ ಆಗಬೇಕು ಅಂತ ಹೇಳಿ.

ಲಿಂಕ್ಸ್ (Lynx) 1992ರಲ್ಲಿ ಕ್ಯಾನ್ಸಸ್ ವಿಶ್ವವಿದ್ಯಾಲಯದಲ್ಲಿ ಹುಟ್ಟಿದ್ದು. ಟರ್ಮಿನಲ್‌ನಲ್ಲಿ, ಅಂದರೆ ಕಮಾಂಡ್ ಟೈಪ್ ಮಾಡುವ ಕಿಟಕಿಯಲ್ಲಿ ಓಡುತ್ತದೆ, ಚಿತ್ರ ತೋರಿಸುವುದಿಲ್ಲ, ಬರೀ ಅಕ್ಷರ. ಮೇಲೆ ಕೆಳಗೆ ಬಾಣದ ಕೀ ಒತ್ತಿದರೆ ಲಿಂಕ್‌ನಿಂದ ಲಿಂಕ್‌ಗೆ, ಬಲಕ್ಕೆ ಒತ್ತಿದರೆ ಒಳಗೆ, ಎಡಕ್ಕೆ ಒತ್ತಿದರೆ ವಾಪಸ್. ಹಳೇ ಕಂಪ್ಯೂಟರಿನಲ್ಲೂ, ನಿಧಾನದ ನೆಟ್‌ನಲ್ಲೂ ಚುರುಕು. ಆದರೆ ಅದು ತಾನೇ ಮಾತಾಡುವುದಿಲ್ಲ. ಪರದೆಯಲ್ಲಿರುವುದನ್ನು ಓದಿ ಹೇಳುವ ಸ್ಕ್ರೀನ್ ರೀಡರ್ ಅಥವಾ ಬೆರಳಿನಿಂದ ಮುಟ್ಟಿ ಓದುವ ಬ್ರೈಲ್ ಡಿಸ್‌ಪ್ಲೇ ಜೊತೆಗಿರಲೇಬೇಕು. ಇನ್ನೊಂದು ದೊಡ್ಡ ತೊಡಕು ಜಾವಾಸ್ಕ್ರಿಪ್ಟ್, ಅಂದರೆ ಪುಟದ ಬಟನ್, ಫಾರ್ಮ್‌ಗಳನ್ನು ನಡೆಸುವ ಕೋಡ್. ಲಿಂಕ್ಸ್‌ನಲ್ಲಿ ಅದು ಓಡದ ಕಾರಣ ಬ್ಯಾಂಕು, ಟಿಕೆಟ್ ಬುಕಿಂಗ್ ಥರದ ಸೈಟುಗಳು ಹೆಚ್ಚಾಗಿ ಕೆಲಸವನ್ನೇ ಮಾಡುವುದಿಲ್ಲ. ಲೇಖನ ಓದೋಕೆ ಮಾತ್ರ ಸೊಗಸು.

ಎನ್‌ವಿಡಿಎ ವಿಂಡೋಸ್‌ಗೆ ಸಿಗುವ ಸ್ಕ್ರೀನ್ ರೀಡರ್, ಪೂರ್ತಿ ಉಚಿತ. ಆಸ್ಟ್ರೇಲಿಯಾದ ಮೈಕೆಲ್ ಕರನ್ 2006ರಲ್ಲಿ ಶುರು ಮಾಡಿದ್ದು, ಅವರಿಗೂ ಕಣ್ಣು ಕಾಣುವುದಿಲ್ಲ. ಅದು ಓಡುತ್ತಿರುವಾಗ ಫೈರ್‌ಫಾಕ್ಸ್ ಬ್ರೌಸರ್‌ನ ಪುಟದಲ್ಲಿ ಎಚ್ ಒತ್ತಿದರೆ ಮುಂದಿನ ಶೀರ್ಷಿಕೆ, ಕೆ ಒತ್ತಿದರೆ ಮುಂದಿನ ಲಿಂಕ್, ಇನ್ಸರ್ಟ್ ಮತ್ತು ಎಫ್7 ಒಟ್ಟಿಗೆ ಒತ್ತಿದರೆ ಎಲ್ಲ ಲಿಂಕ್‌ಗಳ ಪಟ್ಟಿ. ಜೊತೆಗೆ ಬರುವ ಇಸ್ಪೀಕ್ ಧ್ವನಿ ಕನ್ನಡವನ್ನೂ ಓದುತ್ತದೆ, ರೋಬೋಟ್ ಥರ ಕೇಳಿಸುತ್ತೆ ನಿಜ, ಆದರೆ ವೇಗ ಜಾಸ್ತಿ ಮಾಡಿಕೊಂಡು ಕೇಳುವವರಿಗೆ ಅದೇ ಅನುಕೂಲ. ಜಾಹೀರಾತು, ಮೆನುಗಳ ಗಲಾಟೆ ಸಾಕಾಯಿತಾ? ಫೈರ್‌ಫಾಕ್ಸ್‌ನಲ್ಲಿ ಎಫ್9 ಒತ್ತಿ, ಹೆಚ್ಚಿನ ಲೇಖನಗಳು ಬರೀ ಪಠ್ಯವಾಗಿ ಬರುತ್ತವೆ, ಲಿಂಕ್ಸ್‌ನ ಅರ್ಧ ಸುಖ ಅಲ್ಲೇ ಸಿಕ್ಕಿತು ಅಲ್ವಾ?

ಹೊಸಬರಾದರೆ ಸುಮ್ನೆ ಎನ್‌ವಿಡಿಎ ಹಾಕಿಕೊಳ್ಳಿ. ಲಿನಕ್ಸ್ (Linux) ಆಪರೇಟಿಂಗ್ ಸಿಸ್ಟಂನ ಟರ್ಮಿನಲ್‌ನಲ್ಲೇ ದಿನ ಕಳೆಯುವವರಾದರೆ ಲಿಂಕ್ಸ್ ಕೂಡ ಇರಲಿ.